ಅಳಿಸಬಹುದಾದ ಸಾಲು, ಅಳಿಸಬಾರದ ಸಾಲು: ಲಿನಕ್ಸ್ ಕರ್ನೆಲ್‌ನ ಟಿಪ್ಪಣಿಗಳ ಚರಿತ್ರೆಯನ್ನು ಗ್ರಂಥಸಂಪಾದನೆಯ ಕಣ್ಣಿಂದ ನೋಡಿದರೆ

(ವಿಭಾಗದ ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ಆಡಿದ ಮಾತಿನ ಲಿಖಿತ ರೂಪ. ಆಡುಮಾತಿನ ಧಾಟಿಯನ್ನು ಪೂರ್ತಿ ತಿದ್ದಲು ಹೋಗಿಲ್ಲ. ಚರ್ಚೆಯ ಭಾಗವನ್ನು ಕೊನೆಯಲ್ಲಿ ಸೇರಿಸಿದ್ದೇನೆ.)

ನಾನು ಗೋವಾದ ಮಡಗಾಂವಿನಿಂದ ಮಾತಾಡ್ತಿದ್ದೇನೆ. ಗ್ರಂಥಸಂಪಾದನೆಯ ಗೋಷ್ಠಿಯಲ್ಲಿ ಕಂಪ್ಯೂಟರಿನ ವಿಷಯ ಯಾಕೆ ಅಂತ ಕಾರ್ಯಕ್ರಮ ಪಟ್ಟಿ ನೋಡಿದ ಕೆಲವರು ಕೇಳಿದ್ದೀರಿ. ಪೀಠಿಕೆ ಹಾಕುವ ಬದಲು ಒಂದು ಪಠ್ಯವನ್ನೇ ನಿಮ್ಮ ಮುಂದೆ ಇಡ್ತೇನೆ.

ಲಿನಕ್ಸ್ ಅಂದರೆ ಯಾರು ಬೇಕಾದರೂ ಓದಿ, ತಿದ್ದಿ, ಹಂಚಬಹುದಾದ ಆಪರೇಟಿಂಗ್ ಸಿಸ್ಟಂ. ಅದರ ತಿರುಳಿಗೆ ಕರ್ನೆಲ್ ಅಂತಾರೆ. ಆ ಕರ್ನೆಲ್‌ನ ಸಾವಿರಾರು ಫೈಲುಗಳಲ್ಲಿ ಒಂದರ ಹೆಸರು ಕೆಪ್ರೋಬ್ಸ್. ಓಡುತ್ತಿರುವ ಕರ್ನೆಲ್ ಅನ್ನು ನಿಲ್ಲಿಸದೆ, ಅದರೊಳಗೆ ಬೇಕಾದ ಜಾಗದಲ್ಲಿ ಒಂದು ಸಲಾಕೆ ಚುಚ್ಚಿ ಏನು ನಡೀತಿದೆ ಅಂತ ನೋಡುವ ಉಪಾಯ ಅದು. ಫೈಲಿನಲ್ಲಿ ಕೋಡ್ ಶುರುವಾಗುವ ಮೊದಲೇ, ನೆತ್ತಿಯ ಮೇಲೆ, ಒಂದು ಟಿಪ್ಪಣಿ ಇದೆ. ಇದನ್ನು ತಲೆಟಿಪ್ಪಣಿ ಅಂತ ಕರೆಯೋಣ. ಅದರ ಸಾರಾಂಶ ಇಷ್ಟು.

ಹಕ್ಕು ಐಬಿಎಂ ಸಂಸ್ಥೆಯದು, 2002 ಮತ್ತು 2004. 2002ರ ಅಕ್ಟೋಬರಿನಲ್ಲಿ ವಂಶಿ ಕೃಷ್ಣ ಎಸ್. ಇದನ್ನು ರಚಿಸಿದರು, ರಸ್ಟಿ ರಸೆಲ್ ಅವರ ಸಲಹೆಗಳೂ ಇದರಲ್ಲಿ ಸೇರಿವೆ. 2004ರ ಆಗಸ್ಟಿನಲ್ಲಿ ಪ್ರಸನ್ನ ಎಸ್. ಪಂಚಮುಖಿ, ಆ್ಯಂಡಿ ಕ್ಲೀನ್ ಸೂಚಿಸಿದಂತೆ, ಪರಿಷ್ಕರಿಸಿದರು. 2004ರ ಜುಲೈಯಲ್ಲಿ ಸುಪರ್ಣಾ ಭಟ್ಟಾಚಾರ್ಯ ‘ಜಂಪರ್ ಪ್ರೋಬ್’ ಎಂಬುದನ್ನು ಸೇರಿಸಿದರು. 2004ರ ಸೆಪ್ಟೆಂಬರಿನಲ್ಲಿ ಪಂಚಮುಖಿಯವರಿಂದ ಇನ್ನೊಂದು ಬದಲಾವಣೆ. 2005ರ ಮೇ ತಿಂಗಳಲ್ಲಿ ಹಿಯೆನ್ ನ್ಗುಯೆನ್, ಜಿಮ್ ಕೆನಿಸ್ಟನ್, ಪಂಚಮುಖಿ ಮೂವರೂ ಕೂಡಿ, ಫಂಕ್ಷನ್ ಮುಗಿಸಿ ಮರಳುವ ಹೊತ್ತಿಗೆ ಹಿಡಿಯುವ ಪ್ರೋಬ್ ಸೇರಿಸಿದರು. ಅಲ್ಲಿಗೆ ಪಟ್ಟಿ ನಿಂತುಬಿಡುತ್ತದೆ.

ಇವರಲ್ಲಿ ವಂಶಿ ಕೃಷ್ಣ, ಪಂಚಮುಖಿ, ಭಟ್ಟಾಚಾರ್ಯ ಮೂವರ ಹೆಸರಿನ ಪಕ್ಕ ಇರುವುದು ಐಬಿಎಂನ ಭಾರತದ ವಿಳಾಸ. ಐಬಿಎಂನ ಲಿನಕ್ಸ್ ಟೆಕ್ನಾಲಜಿ ಸೆಂಟರ್ ಆಗ ಬೆಂಗಳೂರಿನಲ್ಲೂ ಇತ್ತು. ಇದೇ ಕೆಪ್ರೋಬ್ಸ್‌ನ ಉಸ್ತುವಾರಿ ನೋಡುವವರ ಪಟ್ಟಿಯಲ್ಲಿ ಬಹಳ ವರ್ಷ ಅನಂತ್ ಎನ್. ಮಾವಿನಕಾಯನಹಳ್ಳಿ ಎಂಬ ಹೆಸರೂ ಇತ್ತು. ಜಗತ್ತಿನ ಅದೆಷ್ಟೋ ಸರ್ವರುಗಳ ಹೊಟ್ಟೆಯಲ್ಲಿ ನಮ್ಮ ಒಂದು ಮಾವಿನಕಾಯನಹಳ್ಳಿ ಇತ್ತು ಅಂದರೆ ನನಗಂತೂ ಖುಷಿ.

ಈ ತಲೆಟಿಪ್ಪಣಿಯನ್ನು ನನಗೆ ತೋರಿಸಿದವಳು ಜೊತೆಯಲ್ಲಿ ಮನೆ ಮಾಡಿಕೊಂಡಿರುವ ಗೆಳತಿ. ಹುಬ್ಬಳ್ಳಿಯವಳು, ಸಾಫ್ಟ್‌ವೇರ್ ಕೆಲಸ. “ಇಲ್ಲಿ ನೋಡಲೇ, ನಿಮ್ಮ ತಾಡೋಲಿ ಗ್ರಂಥದ ಕೊನಿಗೆ ಬರೀತಿದ್ರಲ್ಲ, ಹಂಗ ಐತಿ” ಅಂದಳು. ಓಲೆಗರಿಯಲ್ಲಿ ಕೊನೆಗೆ ಬರುವುದು ಇಲ್ಲಿ ಮೊದಲಿಗೆ ಬಂದಿದೆ, ಅಷ್ಟೇ ವ್ಯತ್ಯಾಸ. ಬರೆಸಿದವರು ಯಾರು, ಬರೆದವರು ಯಾರು, ಯಾವ ಸಂವತ್ಸರ, ಯಾವ ಮಾಸ. ನಾವು ಇದನ್ನು ಪುಷ್ಪಿಕೆ ಅಂತೇವೆ.

ನನ್ನ ಮಾತು ಇರುವುದು ಈ ಬಗೆಯ ಬರಹವನ್ನು ಪರಿಶೀಲಿಸುವ ಕೆಲಸದ ಬಗ್ಗೆ. ಕೋಡ್ ಬದಲಾದಾಗ ಅದರ ಟಿಪ್ಪಣಿಯನ್ನೂ ತಿದ್ದಬೇಕು, ಹಳೆಯದನ್ನು ತೆಗೆಯಬೇಕು. ಇದು ಸರಿಯಾದ ನಿಯಮ. ಆದರೆ ಎಲ್ಲ ಟಿಪ್ಪಣಿಗೂ ಇದು ಅನ್ವಯಿಸುತ್ತದಾ? ಕನ್ನಡದ ಶಾಸ್ತ್ರಗ್ರಂಥಗಳನ್ನೂ ಶಾಸನಗಳನ್ನೂ ಸಂಪಾದಿಸಿದವರು ಈ ಪ್ರಶ್ನೆಯನ್ನು ಬೇರೆ ವೇಷದಲ್ಲಿ ಎದುರಿಸಿದ್ದಾರೆ.

ಮೊದಲು, ಪಠ್ಯದೊಳಗೇ ವಿವರಣೆ ಇಡುವ ಪದ್ಧತಿ. ನಮಗೆ ಇದು ಹೊಸದೇನಲ್ಲ. 13ನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಸೂತ್ರವನ್ನು ಕಂದಪದ್ಯದಲ್ಲಿ ಹೇಳ್ತಾನೆ. ಅದರ ಕೆಳಗೆ ಗದ್ಯದಲ್ಲಿ ವೃತ್ತಿ. ಅದರ ಕೆಳಗೆ ಹಿಂದಿನ ಕವಿಗಳಿಂದ ಆಯ್ದ ಪ್ರಯೋಗ. ನಿಯಮ, ನಿಯಮದ ವಿವರಣೆ, ನಿಯಮ ಕೆಲಸ ಮಾಡುತ್ತೆ ಅನ್ನೋದಕ್ಕೆ ಪುರಾವೆ, ಮೂರೂ ಒಂದೇ ಗರಿಯ ಮೇಲೆ. ಭಟ್ಟಾಕಳಂಕದೇವ 1604ರಲ್ಲಿ ಮುಗಿಸಿದ ‘ಕರ್ಣಾಟಕ ಶಬ್ದಾನುಶಾಸನ’ದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. 592 ಸಂಸ್ಕೃತ ಸೂತ್ರಗಳು, ಅವಕ್ಕೆ ತಾನೇ ಬರೆದ ವೃತ್ತಿ, ಆ ವೃತ್ತಿಗೆ ತಾನೇ ಬರೆದ ವ್ಯಾಖ್ಯಾನ. ಸೂತ್ರವನ್ನು ಬಿಗಿಯಾಗಿ ಕಟ್ಟಿದವನಿಗೇ ಅದು ಒಡೆಯದೆ ಇನ್ನೊಬ್ಬರಿಗೆ ದಕ್ಕುವುದಿಲ್ಲ ಅಂತ ಚೆನ್ನಾಗಿ ಗೊತ್ತಿರುತ್ತೆ.

ಕಂಪ್ಯೂಟರಿನ ಲೋಕದಲ್ಲಿ ಮೂಲ ಮತ್ತು ಟೀಕೆ ಬೇರೆಯಾಗಿ ಓಡಾಡಿದ ಕಾಲವೂ ಇತ್ತು. ಸಿಡ್ನಿಯ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ಅಧ್ಯಾಪಕ ಜಾನ್ ಲಯನ್ಸ್ 1976ರ ಸುಮಾರಿಗೆ ಯುನಿಕ್ಸ್‌ನ ಆರನೆಯ ಆವೃತ್ತಿಗೆ ಒಂದು ಟೀಕೆ ಬರೆದರು, ತಮ್ಮ ವಿದ್ಯಾರ್ಥಿಗಳಿಗೆ ಪಾಠ ಮಾಡಲಿಕ್ಕೆ. ಒಂದು ಸಂಪುಟದಲ್ಲಿ ಹತ್ತು ಸಾವಿರದೊಳಗಿನ ಸಾಲುಗಳ ಮೂಲ, ಇನ್ನೊಂದರಲ್ಲಿ ವಿವರಣೆ. ಮುಂದಿನ ಆವೃತ್ತಿಯ ಪರವಾನಗಿಯಲ್ಲಿ, ಕೋಡನ್ನು ತರಗತಿಯಲ್ಲಿ ಪಾಠ ಮಾಡಬಾರದು ಅನ್ನೋ ಷರತ್ತು ಬಂತು. ಆಮೇಲೆ ಪುಸ್ತಕ ಜೆರಾಕ್ಸ್‌ನ ಜೆರಾಕ್ಸ್, ಅದರ ಜೆರಾಕ್ಸ್ ಆಗಿ ಕೈಯಿಂದ ಕೈಗೆ ಹೋಯಿತು. ಬಹಿರಂಗವಾಗಿ ಅಚ್ಚಾದದ್ದು 1996ರಲ್ಲಿ. ಪ್ರತಿಯಿಂದ ಪ್ರತಿಗೆ ಮಸುಕಾಗ್ತಾ ಹೋಗುವ ಪಠ್ಯ ಅಂದರೆ ಏನು ಅಂತ ಈ ಗೋಷ್ಠಿಯಲ್ಲಿ ಕೂತವರಿಗೆ ಹೇಳಬೇಕಾಗಿಲ್ಲ.

ಆ ಯುನಿಕ್ಸ್ ಕೋಡಿನೊಳಗೆ ಒಂದು ಟಿಪ್ಪಣಿ ಪ್ರಸಿದ್ಧ: ಇದು ನಿಮಗೆ ಅರ್ಥವಾಗಬೇಕೆಂಬ ನಿರೀಕ್ಷೆ ಇಲ್ಲ ಎಂಬ ಭಾವದ್ದು. ಓದಿದವರು ಅಹಂಕಾರದ ಮಾತು ಅಂದುಕೊಂಡರು. ಡೆನಿಸ್ ರಿಚಿ ಆಮೇಲೆ ಹೇಳಿದ್ದು ಬೇರೆ: ಅದು ‘ಇದು ಪರೀಕ್ಷೆಗೆ ಬರಲ್ಲ’ ಅನ್ನೋ ಧಾಟಿಯ ಮಾತು, ಮತ್ತೆ ನಿಜ ಹೇಳಬೇಕೆಂದರೆ ಅಲ್ಲಿ ಏನು ನಡೀತಿದೆ ಅಂತ ನಮಗೂ ಗೊತ್ತಿರಲಿಲ್ಲ ಅಂತ. ಟೀಕಾಕಾರರು ಇಷ್ಟು ಪ್ರಾಮಾಣಿಕವಾಗಿರುವುದು ಅಪರೂಪ. ನಮ್ಮ ಟೀಕಾಕಾರರು ಇಂಥ ಕಡೆ ‘ಸ್ಪಷ್ಟಂ’ ಅಂತ ಬರೆದು ಮುಂದೆ ಹೋಗಿಬಿಡ್ತಾರೆ.

ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಲಿನಕ್ಸ್ ಶುರು ಮಾಡಿದಾಗ ಟಿಪ್ಪಣಿಗೆ ನಿಯಮ ಇರಲಿಲ್ಲ, ಬರೆದವರ ಮನಸ್ಸು ಬಂದಂತೆ. ಇವತ್ತು ಖಾಲಿ ಸಾಲು, ಟಿಪ್ಪಣಿ ಎಲ್ಲ ಸೇರಿ ಸುಮಾರು 4 ಕೋಟಿ ಸಾಲು. ಅಷ್ಟಾದ ಮೇಲೆ ನಿಯಮ ಬೇಕೇ ಬೇಕು. ಆ ನಿಯಮಕ್ಕೂ ಅದನ್ನು ಜಾರಿ ಮಾಡುವ ಪುಟ್ಟ ಪ್ರೋಗ್ರಾಮಿಗೂ ಹೆಸರು ಒಂದೇ, ಕರ್ನೆಲ್-ಡಾಕ್.

ಅದರ ಛಂದಸ್ಸು ಹೀಗಿದೆ. ಮಾಮೂಲಿ ಟಿಪ್ಪಣಿ ಒಂದು ಓರೆಗೆರೆ, ಒಂದು ನಕ್ಷತ್ರದಿಂದ ಶುರುವಾಗುತ್ತೆ. ಓರೆಗೆರೆಯ ಮುಂದೆ ಎರಡು ನಕ್ಷತ್ರ ಇದ್ದರೆ ಅದು ಕರ್ನೆಲ್-ಡಾಕ್ ಟಿಪ್ಪಣಿ ಅಂತ ಲೆಕ್ಕ. ಮೊದಲ ಸಾಲಿನಲ್ಲಿ ಫಂಕ್ಷನ್ನಿನ ಹೆಸರು, ಒಂದು ಅಡ್ಡಗೆರೆ, ಒಂದೇ ಮಾತಿನ ಪರಿಚಯ. ಆಮೇಲೆ ಫಂಕ್ಷನ್ ತೆಗೆದುಕೊಳ್ಳುವ ಒಂದೊಂದು ಮೌಲ್ಯಕ್ಕೂ ಒಂದೊಂದು ಸಾಲು, ಹೆಸರಿನ ಹಿಂದೆ ಆ್ಯಟ್ ಚಿಹ್ನೆ. ಆಮೇಲೆ ಬೇಕಾದರೆ ದೊಡ್ಡ ವಿವರಣೆ. ಕೊನೆಯಲ್ಲಿ, ಫಂಕ್ಷನ್ ಏನನ್ನು ಹಿಂದಿರುಗಿಸುತ್ತೆ ಅನ್ನೋದು. ಹೀಗೆ ಬರೆದರೆ ಪ್ರೋಗ್ರಾಮು ಕೋಡಿನೊಳಗಿಂದ ಟಿಪ್ಪಣಿಯನ್ನು ಹೆಕ್ಕಿ ಕೈಪಿಡಿಯ ಪುಟ ಮಾಡಿಕೊಡುತ್ತೆ. ಮೊದಲು ಆ ಪುಟಗಳು ಡಾಕ್‌ಬುಕ್ ಎಂಬ ತೊಡಕಿನ ರೂಪದಲ್ಲಿದ್ದವು. 2016ರಲ್ಲಿ ಬಂದ 4.8ನೆಯ ಆವೃತ್ತಿಯಿಂದ ಸ್ಫಿಂಕ್ಸ್ ಎಂಬ ಸಲಕರಣೆಗೂ, ಬರಿಗಣ್ಣಿಗೂ ಓದಿಸಿಕೊಳ್ಳುವ ಸರಳ ರೂಪಕ್ಕೂ ಬದಲಾದವು. ದಾಖಲೆಗಳ ಉಸ್ತುವಾರಿ ಹೊತ್ತ ಜೊನಾಥನ್ ಕಾರ್ಬೆಟ್, ಇಂಟೆಲ್‌ನ ಯಾನಿ ನಿಕುಲಾ ಮೊದಲಾದವರ ಕೆಲಸ ಅದು. ಸಾವಿರಾರು ಪುಟಗಳನ್ನು ಒಂದು ರೂಪದಿಂದ ಇನ್ನೊಂದಕ್ಕೆ ತರುವ ಆ ಕೆಲಸ ವರ್ಷಗಟ್ಟಲೆ ನಡೆಯಿತು. ಅದರ ವಿವರಕ್ಕೆ ಈಗ ಹೋಗುವುದಿಲ್ಲ.

ಕರ್ನೆಲ್-ಡಾಕ್ ತಪ್ಪನ್ನೂ ಹಿಡಿಯುತ್ತೆ. ಫಂಕ್ಷನ್ನಿನಲ್ಲಿ ಇರುವ ಮೌಲ್ಯಕ್ಕೆ ವಿವರಣೆ ಇಲ್ಲದಿದ್ದರೆ ಎಚ್ಚರಿಸುತ್ತೆ. ಟಿಪ್ಪಣಿಯಲ್ಲಿ ಹೆಸರಿಸಿದ್ದು ಕೋಡಿನಲ್ಲಿ ಇಲ್ಲದೆ ಹೋದರೂ ಎಚ್ಚರಿಸುತ್ತೆ. ಆದರೆ ವಿವರಣೆ ನಿಜವೋ ಸುಳ್ಳೋ ಅನ್ನೋದು ಅದಕ್ಕೆ ತಿಳಿಯುವುದಿಲ್ಲ. ಕಂದಪದ್ಯದ ಎರಡನೆಯ ಸಾಲಿನಲ್ಲಿ ಇಪ್ಪತ್ತು ಮಾತ್ರೆ ಇರಬೇಕಾದಲ್ಲಿ ಹದಿನೆಂಟು ಇದ್ದರೆ ಪ್ರತಿಕಾರ ಎಲ್ಲೋ ಎಡವಿದ್ದಾನೆ ಅಂತ ನಮಗೂ ಗೊತ್ತಾಗುತ್ತೆ. ಮಾತ್ರೆ ಸರಿಯಿದ್ದು ಪದವೇ ಬೇರೆಯಾಗಿದ್ದರೆ ಛಂದಸ್ಸು ಸುಮ್ಮನಿರುತ್ತೆ. ಆಗ ಓದಿ ಅರ್ಥ ಮಾಡಿಕೊಳ್ಳುವ ಮನುಷ್ಯ ಬೇಕು. ಡಿ.ಎಲ್. ನರಸಿಂಹಾಚಾರ್ ಅವರ ‘ಕನ್ನಡ ಗ್ರಂಥಸಂಪಾದನೆ’ ಓದಿದವರಿಗೆ ಈ ಗೆರೆ ಎಲ್ಲಿ ಬರುತ್ತೆ ಅಂತ ಅಂದಾಜು ಇದೆ.

ಅರ್ಥ ನೋಡುವ ಆ ಮನುಷ್ಯನೇ ರಿವ್ಯೂ ಮಾಡುವವನು. ಲಿನಕ್ಸ್‌ನಲ್ಲಿ ಒಂದು ತಿದ್ದುಪಡಿಗೆ ಪ್ಯಾಚ್ ಅಂತಾರೆ, ತೇಪೆ ಅಂತಲೇ ಇಟ್ಟುಕೊಳ್ಳಿ. ಒಂದು ಟಿಪ್ಪಣಿಯಲ್ಲಿ ಅಲ್ಪವಿರಾಮ ಸರಿಪಡಿಸಿದರೂ ಅದು ಪ್ಯಾಚೇ. ಅದನ್ನು ಬರೆದವರು ಕೆಳಗೆ ತಮ್ಮ ಹೆಸರು ಹಾಕಿ ರುಜು ಮಾಡಬೇಕು. ನೋಡಿ ಒಪ್ಪಿದವರು ‘ಪರಿಶೀಲಿಸಿದವರು’ ಅಂತ ತಮ್ಮ ಹೆಸರು ಸೇರಿಸ್ತಾರೆ. ರುಜುವಿನ ಪದ್ಧತಿಗೆ ಒಂದು ಹಿನ್ನೆಲೆ ಇದೆ. 2003ರಲ್ಲಿ ಎಸ್‌ಸಿಓ ಎಂಬ ಕಂಪನಿ ಐಬಿಎಂ ಮೇಲೆ ದಾವೆ ಹೂಡಿತು, ತನ್ನ ಹಕ್ಕಿನ ಯುನಿಕ್ಸ್ ಕೋಡ್ ಲಿನಕ್ಸ್‌ನೊಳಗೆ ಸೇರಿದೆ ಅಂತ. ಯಾವ ಸಾಲು ಯಾರಿಂದ ಬಂತು ಅನ್ನೋ ಪ್ರಶ್ನೆ ಆಗ ಕೋರ್ಟಿನ ಪ್ರಶ್ನೆಯಾಯಿತು. 2004ರ ಮೇ ತಿಂಗಳಲ್ಲಿ ಟೋರ್ವಾಲ್ಡ್ಸ್ ರುಜುವಿನ ನಿಯಮ ಮುಂದಿಟ್ಟರು.

ಇಸವಿ ಗಮನಿಸಿ. 2004. ಕೆಪ್ರೋಬ್ಸ್ ಕರ್ನೆಲ್‌ನೊಳಗೆ ಸೇರಿದ್ದೂ ಅದೇ ವರ್ಷದ ಅಕ್ಟೋಬರಿನ 2.6.9 ಆವೃತ್ತಿಯಲ್ಲಿ.

ಈಗ ತಲೆಟಿಪ್ಪಣಿಯನ್ನು ಹಸ್ತಪ್ರತಿಯಂತೆ ಓದೋಣ. ನನಗೆ ಮೊದಲು ಕಂಡದ್ದು ತಿಂಗಳುಗಳ ಕ್ರಮ. ಆಗಸ್ಟ್ ಮೊದಲು ಇದೆ, ಜುಲೈ ಆಮೇಲೆ. ಅಚ್ಚುಕಟ್ಟಾಗಿ ಕೂತು ಒಬ್ಬರೇ ಬರೆದ ಪಟ್ಟಿಯಾಗಿದ್ದರೆ ಹೀಗಾಗುತ್ತಿರಲಿಲ್ಲ. ನನ್ನ ಊಹೆ ಏನಂದರೆ, ಬೇರೆ ಬೇರೆಯಾಗಿ ತಯಾರಾದ ಕೆಲಸಗಳು ಒಂದು ಕಡೆ ಸೇರುವಾಗ, ಕೆಲಸ ಮಾಡಿದ ತಿಂಗಳು ಹಾಗೇ ಉಳಿದು ಸೇರಿದ ಕ್ರಮ ಮಾತ್ರ ಬೇರೆಯಾಯಿತು. ಎರಡು ಮಾತೃಕೆಗಳಿಂದ ಒಂದು ಪ್ರತಿ ಆದಾಗ ಹೊಲಿಗೆ ಕಾಣೋದು ಇಂಥ ಕಡೆಯೇ. ಹಾಗಾಗಿ, ಜುಲೈಯನ್ನು ಮೇಲೆ ತಂದು ‘ಸರಿ’ ಮಾಡುವ ಪ್ಯಾಚನ್ನು ಯಾರಾದರೂ ಕಳಿಸಿದರೆ ನಾನಂತೂ ಬೇಡ ಅಂತೇನೆ.

ಎರಡನೆಯದು, ಪಟ್ಟಿ 2005ರ ಮೇ ತಿಂಗಳಲ್ಲಿ ನಿಂತದ್ದು. ಕೆಪ್ರೋಬ್ಸ್‌ನ ಕೆಲಸವೇನೂ ಆಗ ನಿಲ್ಲಲಿಲ್ಲ, ಇವತ್ತಿಗೂ ನಡೀತಿದೆ. ನಿಂತದ್ದು ತಲೆಟಿಪ್ಪಣಿಯಲ್ಲಿ ಬರೆಯುವ ಅಭ್ಯಾಸ. 2005ರ ಏಪ್ರಿಲಿನಲ್ಲಿ ಟೋರ್ವಾಲ್ಡ್ಸ್ ಗಿಟ್ ಎಂಬ ಸಲಕರಣೆ ಮಾಡಿದರು. ಯಾರು, ಯಾವಾಗ, ಯಾವ ಸಾಲು, ಯಾಕೆ ಬದಲಾಯಿಸಿದರು ಅನ್ನೋದನ್ನೆಲ್ಲ ಗಿಟ್ ತಾನೇ ದಾಖಲಿಸಿಕೊಳ್ಳುತ್ತೆ. ಅದಕ್ಕೂ ಮೊದಲು 2002ರಿಂದ ಬಿಟ್‌ಕೀಪರ್ ಎಂಬುದು ಇತ್ತು, ಆದರೆ ಅದು ಖಾಸಗಿ ಸೊತ್ತು, ಅದನ್ನು ಮುಟ್ಟಲು ಒಪ್ಪದವರು ಬಹಳ ಜನ. ಗಿಟ್ ಎಲ್ಲರದೂ ಆಯಿತು. ಆಮೇಲೆ ಫೈಲಿನ ನೆತ್ತಿಯ ಮೇಲೆ ಹೆಸರು, ತಿಂಗಳು ಬರೆಯುವುದು ಹಳೆಯ ಕಾಲದ ರೂಢಿ ಅನ್ನಿಸಿಕೊಂಡಿತು. ಹೊಸದಾಗಿ ಯಾರಾದರೂ ಬರೆದರೆ, ಚರಿತ್ರೆ ಗಿಟ್‌ನಲ್ಲಿದೆ, ಇಲ್ಲಿ ಯಾಕೆ, ತೆಗೆಯಿರಿ ಅಂತ ರಿವ್ಯೂ ಮಾಡುವವರು ಹೇಳ್ತಾರೆ. ಹೊಸ ಬರಹದ ಮಟ್ಟಿಗೆ ಆ ಮಾತು ಸರಿ.

ಹಳೆಯದರ ಮಟ್ಟಿಗೆ ಅದು ಸರಿಯಲ್ಲ, ಕಾರಣ ಲೆಕ್ಕದಷ್ಟು ಸ್ಪಷ್ಟ. ಇವತ್ತು ನಾವು ಇಳಿಸಿಕೊಳ್ಳುವ ಲಿನಕ್ಸ್‌ನ ಗಿಟ್ ಭಂಡಾರ ಶುರುವಾಗುವುದು 2005ರ ಏಪ್ರಿಲಿನ 2.6.12-ಆರ್‌ಸಿ2 ಆವೃತ್ತಿಯಿಂದ. ಅಂದಿನವರೆಗಿನ ಅಷ್ಟೂ ಕೋಡನ್ನು ಟೋರ್ವಾಲ್ಡ್ಸ್ ಒಂದೇ ಗಂಟಿನಲ್ಲಿ, ಹಿಂದಿನ ಚರಿತ್ರೆ ಇಲ್ಲದೆ, ಒಳಗೆ ಹಾಕಿದರು. ಹಾಗಾಗಿ 2002ರಿಂದ 2004ರವರೆಗೆ ಬರೆದ ಒಂದು ಸಾಲು ಇನ್ನೂ ಹಾಗೇ ಉಳಿದಿದ್ದರೆ, ಇದನ್ನು ಬರೆದವರು ಯಾರು ಅಂತ ಗಿಟ್‌ನ್ನು ಕೇಳಿ. ಅದು ಹೇಳುವ ಹೆಸರು ಲಿನಸ್ ಟೋರ್ವಾಲ್ಡ್ಸ್! ವಂಶಿ ಕೃಷ್ಣ ಅಲ್ಲಿ ಇಲ್ಲ. ಸುಪರ್ಣಾ ಭಟ್ಟಾಚಾರ್ಯ ಇಲ್ಲ. 2004ರ ಪಂಚಮುಖಿ ಇಲ್ಲ. ಬಿಟ್‌ಕೀಪರ್ ಕಾಲದ ಚರಿತ್ರೆಯನ್ನು ಪ್ರತ್ಯೇಕ ಭಂಡಾರವಾಗಿ ಕಾಪಾಡಿಟ್ಟವರಿದ್ದಾರೆ, ನಿಜ. ಅದನ್ನು ಹುಡುಕಿಕೊಂಡು ಹೋಗುವವರು ಎಷ್ಟು ಮಂದಿ? ಕೈಗೆ ಸಿಗುವ ಪ್ರತಿಯಲ್ಲಿ ಬೆಂಗಳೂರಿನ ಆ ಮೊದಲ ಕೆಲಸಕ್ಕೆ ಉಳಿದಿರುವ ಸಾಕ್ಷಿ ತಲೆಟಿಪ್ಪಣಿಯ ಆ ಕೆಲವು ಸಾಲುಗಳು. ‘ಚರಿತ್ರೆ ಗಿಟ್‌ನಲ್ಲಿದೆ’ ಅನ್ನೋ ವಾದ ಸೋಲುವುದು ಸರಿಯಾಗಿ ಇಲ್ಲೇ.

ಇನ್ನೂ ಒಂದು ತಿರುವು ಇದೆ. ಸುಪರ್ಣಾ ಭಟ್ಟಾಚಾರ್ಯ ಸೇರಿಸಿದ ಜಂಪರ್ ಪ್ರೋಬ್ ಈಗ ಇಲ್ಲ. ಅದೇ ಕೆಲಸಕ್ಕೆ ಬೇರೆ ಒಳ್ಳೆಯ ದಾರಿಗಳು ಬಂದವು, 2017–18ರಲ್ಲಿ ಅದನ್ನು ಹಂತಹಂತವಾಗಿ ತೆಗೆದರು. ಮುಂದೆ ನಿಂತು ತೆಗೆದವರು ಜಪಾನಿನ ಮಸಾಮಿ ಹಿರಮತ್ಸು, ಕೆಪ್ರೋಬ್ಸ್‌ನ ಉಸ್ತುವಾರಿಗಳಲ್ಲಿ ಒಬ್ಬರು. ಕೋಡ್ ಹೋಯಿತು. ಕೈಪಿಡಿಯಲ್ಲಿ ಅದನ್ನು ಹೇಗೆ ಬಳಸಬೇಕು ಅಂತ ಇದ್ದ ಭಾಗವೂ ಹೋಯಿತು, ಹೋಗಲೇಬೇಕಿತ್ತು. ಇಲ್ಲದ ಬಾಗಿಲಿಗೆ ದಾರಿ ತೋರಿಸುವ ವಿವರಣೆ ಸುಳ್ಳು ವಿವರಣೆ. ಆದರೆ 2004ರ ಜುಲೈಯಲ್ಲಿ ಇಂಥವರು ಇದನ್ನು ಸೇರಿಸಿದರು ಅನ್ನೋ ಸಾಲು ಹಾಗೇ ಉಳಿಯಿತು. ಮೇಲ್ನೋಟಕ್ಕೆ ಅದು ಬಳಕೆ ತಪ್ಪಿದ ಟಿಪ್ಪಣಿ, ಕೋಡಿನಲ್ಲಿ ಇಲ್ಲದ್ದನ್ನು ಹೇಳುತ್ತೆ. ನಾನು ಅದನ್ನು ಓದುವುದು ಕೆರೆ ಕಟ್ಟಿಸಿದ ಶಾಸನದಂತೆ. ಕೆರೆ ಹೂಳು ತುಂಬಿ ಬಯಲಾದರೂ, ಕಟ್ಟಿಸಿದರು ಅನ್ನೋ ಮಾತು ಸುಳ್ಳಾಗುವುದಿಲ್ಲ.

ಹೀಗೆ ಟಿಪ್ಪಣಿಗಳಲ್ಲಿ ಎರಡು ಜಾತಿ. ಕೋಡ್ ಹೇಗೆ ನಡೆಯುತ್ತೆ ಅಂತ ಹೇಳುವುದು ವೃತ್ತಿ. ಮೂಲ ಬದಲಾದರೆ ಅದೂ ಬದಲಾಗಬೇಕು, ಬದಲಾಗದಿದ್ದರೆ ರಿವ್ಯೂ ಮಾಡಿದವರ ತಪ್ಪು. ಯಾರು, ಯಾವಾಗ ಮಾಡಿದರು ಅಂತ ಹೇಳುವುದು ಪುಷ್ಪಿಕೆ. ಅದು ನಡೆದುಹೋದ ಒಂದು ಘಟನೆಯ ಬಗ್ಗೆ ಇದೆ, ಕೋಡ್ ಬದಲಾದರೂ ಆ ಘಟನೆ ಬದಲಾಗುವುದಿಲ್ಲ. ಎರಡಕ್ಕೂ ಒಂದೇ ಕತ್ತರಿ ಹಿಡಿಯಬಾರದು ಅನ್ನೋದೇ ನನ್ನ ವಾದ.

ಲಿನಕ್ಸ್‌ನವರು ದೊಡ್ಡ ಪ್ರಮಾಣದಲ್ಲಿ ಕತ್ತರಿ ಹಿಡಿದ ಒಂದು ಸಂದರ್ಭ ನೋಡಿ. ಸಾವಿರಾರು ಫೈಲುಗಳ ನೆತ್ತಿಯ ಮೇಲೆ ಪರವಾನಗಿಯ ಅದೇ ಪ್ಯಾರಾಗಳು, ಸಣ್ಣಪುಟ್ಟ ವ್ಯತ್ಯಾಸದೊಂದಿಗೆ, ಮತ್ತೆ ಮತ್ತೆ ಇದ್ದವು. 2017ರಿಂದ ಶುರುಮಾಡಿ, 2019ರಲ್ಲಿ ಭರದಿಂದ, ಆ ಪ್ಯಾರಾಗಳನ್ನು ತೆಗೆದು ಎಸ್‌ಪಿಡಿಎಕ್ಸ್ ಎಂಬ ಒಂದು ಸಾಲಿನ ಗುರುತು ಹಾಕಿದರು. ಕೆಪ್ರೋಬ್ಸ್‌ನಲ್ಲೂ ಹಾಗೇ ಆಯಿತು. ನಮ್ಮ ಶಾಸನಗಳ ಕೊನೆಯ ಶಾಪಾಶಯ ಶ್ಲೋಕಗಳು ನೆನಪಾಗ್ತವೆ. ದಾನ ಕೆಡಿಸಿದವನು ಅರವತ್ತು ಸಾವಿರ ವರ್ಷ ಹುಳುವಾಗ್ತಾನೆ ಅನ್ನೋ ಶ್ಲೋಕ ಶಾಸನದಿಂದ ಶಾಸನಕ್ಕೆ ಅದೇ. ಬಿ.ಎಲ್. ರೈಸ್ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಅನುವಾದಗಳಲ್ಲಿ ಎಷ್ಟೋ ಕಡೆ ಅವನ್ನು ಪೂರ್ತಿ ಕೊಡದೆ, ಎಂದಿನ ಶ್ಲೋಕಗಳು ಅಂತ ಸೂಚಿಸಿ ಮುಗಿಸಿದ್ದಾರೆ. ಶಾಪವನ್ನು ಚಿಕ್ಕದು ಮಾಡಿದರು, ದಾನ ಕೊಟ್ಟವರ ಹೆಸರನ್ನು ಬಿಡಲಿಲ್ಲ. ಲಿನಕ್ಸ್‌ನವರೂ ಪರವಾನಗಿಯನ್ನು ಒಂದು ಸಾಲಿಗೆ ಇಳಿಸಿದರು, ಕೆಪ್ರೋಬ್ಸ್‌ನ ಹೆಸರುಗಳನ್ನು ಮುಟ್ಟಲಿಲ್ಲ. ಇದು ಒಳ್ಳೆಯ ಸಂಪಾದನೆ.

ಕರ್ನೆಲ್-ಡಾಕ್ ಪ್ರೋಗ್ರಾಮಿನ ಕತೆಯೂ ಇದೇ ಮಾತಿಗೆ ಬರುತ್ತೆ. ಅದು ಪರ್ಲ್ ಭಾಷೆಯಲ್ಲಿತ್ತು. ಅದರ ನೆತ್ತಿಯ ಮೇಲೂ ಪುಷ್ಪಿಕೆ: 1998ರ ಮೈಕೆಲ್ ಜುಕ್ಕಿ, 2000ದ ಟಿಮ್ ವಾ, ಆಮೇಲೆ ಬಹಳ ಕಾಲ ನೋಡಿಕೊಂಡ ರ್‍ಯಾಂಡಿ ಡನ್‌ಲ್ಯಾಪ್ ಮೊದಲಾದವರು. 2025ರಲ್ಲಿ ಮೌರೊ ಕಾರ್ವಾಲೊ ಶೆಹಾಬ್ ಅದನ್ನು ಪೈಥಾನ್‌ನಲ್ಲಿ ಹೊಸದಾಗಿ ಬರೆದರು. ಪರ್ಲ್‌ನ ಸಾಲುಗಳು ಉಳಿಯಲಿಲ್ಲ. ಆದರೂ ಹೊಸ ಫೈಲಿನಲ್ಲಿ, ಇದು 1998ರಿಂದ ಇಂಥಿಂಥವರು ಬರೆದದ್ದರ ರೂಪಾಂತರ ಅಂತ ಹೇಳಿ ಹಳಬರ ಹೆಸರಿನ ಉದ್ದ ಪಟ್ಟಿ ಕೊಟ್ಟಿದ್ದಾರೆ. ಮೂಲ ಪೂರ್ತಿ ಹೋದ ಮೇಲೂ ಹೆಸರನ್ನು ಎತ್ತಿಕೊಂಡು ಬಂದದ್ದು ಯಾವ ನಿಯಮಕ್ಕಿಂತಲೂ ದೊಡ್ಡದು ಅಂತ ನನಗನ್ನಿಸುತ್ತೆ.

ಈಗ ನಾನು ಕೂತಿರುವ ಊರಿನ ಪಕ್ಕದ ಒಂದು ಪುಸ್ತಕ. ಮಡಗಾಂವಿನಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ ರಾಯ್ತೂರು, ಪೋರ್ಚುಗೀಸರ ಬಾಯಲ್ಲಿ ರಾಶೋಲ್, ಇದೆ. ಅಲ್ಲಿನ ಜೆಸ್ವಿಟ್ ಕಾಲೇಜಿನಲ್ಲಿ 1640ರಲ್ಲಿ ಒಂದು ವ್ಯಾಕರಣ ಅಚ್ಚಾಯಿತು, ‘ಆರ್ತೆ ದ ಲಿಂಗೊವ ಕನಾರಿಂ’. ಕನಾರಿಂ ಅಂತ ಇದ್ದ ಮಾತ್ರಕ್ಕೆ ಕನ್ನಡ ವ್ಯಾಕರಣ ಅಂದುಕೊಳ್ಳಬೇಡಿ, ಅದು ಕೊಂಕಣಿಯದು. ಪೋರ್ಚುಗೀಸರು ಗೋವಾದ ಭಾಷೆಯನ್ನು ಹಾಗೆ ಕರೀತಿದ್ದರು. ಬರೆದವರು 1579ರಲ್ಲಿ ಗೋವಾಕ್ಕೆ ಬಂದ ಇಂಗ್ಲಿಷ್ ಪಾದ್ರಿ ತಾಮಸ್ ಸ್ಟೀಫನ್ಸ್, ‘ಕ್ರಿಸ್ತಪುರಾಣ’ದ ಕವಿ. ಪುಸ್ತಕ ಅಚ್ಚಾಗುವ ಹೊತ್ತಿಗೆ ಅವರು ತೀರಿಕೊಂಡು 21 ವರ್ಷ ಆಗಿತ್ತು. ನನ್ನ ಆಸಕ್ತಿ ಇರುವುದು ಶೀರ್ಷಿಕೆ ಪುಟದಲ್ಲಿ. ರಚಿಸಿದವರು ಸ್ಟೀಫನ್ಸ್, ಹೆಚ್ಚಿನದನ್ನು ಸೇರಿಸಿದವರು ದಿಯೋಗು ರಿಬೈರು, ಹೊಸದಾಗಿ ಪರಿಶೀಲಿಸಿ ತಿದ್ದಿದವರು ಅದೇ ಸಂಘದ ಬೇರೆ ನಾಲ್ವರು ಪಾದ್ರಿಗಳು ಅಂತ ಅಲ್ಲಿದೆ. ಬರೆದವರು, ಸೇರಿಸಿದವರು, ಪರಿಶೀಲಿಸಿದವರು: ಲಿನಕ್ಸ್‌ನ ಒಂದು ಪ್ಯಾಚಿನ ಕೆಳಗೆ ಬರುವ ಸಾಲುಗಳ ಕ್ರಮವೇ ಇದು. ಜೊತೆಗೆ ಇನ್ಕ್ವಿಸಿಷನ್ನಿನ ಅನುಮತಿ ಬೇರೆ. ಆ ಬಗೆಯ ಪರಿಶೀಲನೆ ನಮಗೆ ಬೇಡಪ್ಪ.

ಒಂದು ವ್ಯತ್ಯಾಸ ಚುಚ್ಚುತ್ತೆ. ರಾಯ್ತೂರಿನ ಪುಟದಲ್ಲಿ ಪರಿಶೀಲಿಸಿದವರ ಸಂಖ್ಯೆ ಇದೆ, ಹೆಸರಿಲ್ಲ. ನಾಲ್ಕು ಜನ ಕೂತು ಸತ್ತವರೊಬ್ಬರ ವ್ಯಾಕರಣವನ್ನು ತಿದ್ದಿದರು. ಯಾವ ಉದಾಹರಣೆ ಸ್ಟೀಫನ್ಸರದು, ಯಾವುದು ರಿಬೈರು ಸೇರಿಸಿದ್ದು, ಯಾವುದು ಆ ನಾಲ್ವರ ತಿದ್ದುಪಡಿ ಅಂತ ಅಚ್ಚಾದ ಪುಟ ನೋಡಿ ಬೇರ್ಪಡಿಸೋದು ಹೇಗೆ? ಕೆಪ್ರೋಬ್ಸ್‌ನ ತಲೆಟಿಪ್ಪಣಿಯಲ್ಲಿ ಸಲಹೆ ಕೊಟ್ಟವರ ಹೆಸರೂ ಇದೆ. ಹೀಗೆ ಮಾಡಿದರೆ ಹೇಗೆ ಅಂದವರನ್ನೂ ಅದು ಮರೆತಿಲ್ಲ.

ಚರ್ಚೆಯಲ್ಲಿ ಮೇಡಂ ಒಬ್ಬರು ಕೇಳಿದರು: “ಹೆಸರುಗಳಲ್ಲಿ ಪಂಚಮುಖಿ ಇದೆ, ಮಾವಿನಕಾಯನಹಳ್ಳಿ ಇದೆ, ಸರಿ. ಬರಹದಲ್ಲಿ ಕನ್ನಡ ಎಲ್ಲಿದೆ?” ಇಲ್ಲ ಮೇಡಂ. ಕರ್ನೆಲ್‌ನ ದಾಖಲೆಗಳಲ್ಲಿ ಅನುವಾದಗಳಿಗೆ ಅಂತಲೇ ಒಂದು ಜಾಗ ಇದೆ. ಚೀನಿ ಎರಡು ಲಿಪಿಗಳಲ್ಲಿದೆ, ಜಪಾನಿ, ಕೊರಿಯನ್, ಇಟಾಲಿಯನ್, ಸ್ಪ್ಯಾನಿಷ್ ಇವೆ. ನಾನು ನೋಡಿದಾಗ ಭಾರತದ ಒಂದು ಭಾಷೆಯೂ ಇರಲಿಲ್ಲ. ಗ್ನೋಮ್, ಕೆಡಿಇ, ಫೈರ್‌ಫಾಕ್ಸ್ ಇವುಗಳ ಮೆನುಗಳು ಕನ್ನಡಕ್ಕೆ ಬಂದಿವೆ, ಸ್ವಯಂಸೇವಕರು ಕೂತು ಮಾಡಿದ ಕೆಲಸ ಅದು. ಕನ್ನಡ ಪರದೆಯ ಮೇಲೆ ಇದೆ, ಒಳಗಿನ ವಿವರಣೆಯಲ್ಲಿ ಇಲ್ಲ. ಕೋಡಿನೊಳಗಿನ ಟಿಪ್ಪಣಿಗಳನ್ನೇ ಕನ್ನಡದಲ್ಲಿ ಬರೀಬೇಕು ಅಂತ ನಾನು ಹೇಳಲ್ಲ, ಹತ್ತು ದೇಶದವರು ಒಟ್ಟಿಗೆ ಓದುವ ಬರಹ ಅದು. ಪ್ಯಾಚ್ ಕಳಿಸೋದು ಹೇಗೆ, ಟಿಪ್ಪಣಿ ಬರೆಯೋದು ಹೇಗೆ ಅನ್ನೋ ಮಾರ್ಗದರ್ಶನದ ಪುಟಗಳಿವೆಯಲ್ಲ, ಅವು ಕನ್ನಡಕ್ಕೆ ಬರಬಹುದು. ಅಲ್ಲಿರುವುದು ಹೆಚ್ಚಾಗಿ ಸಾದಾ ಗದ್ಯ. ಟಿಪ್ಪಣಿಯಲ್ಲಿ ಕೋಡ್ ಏನು ಮಾಡುತ್ತೆ ಅಂತ ಹೇಳಿ, ಹೇಗೆ ಮಾಡುತ್ತೆ ಅಂತ ಕೊರೀಬೇಡಿ ಅನ್ನೋ ಅರ್ಥದ ಸಲಹೆಯನ್ನು ಕನ್ನಡಕ್ಕೆ ತರಲು ಕಂಪ್ಯೂಟರ್ ಪದವಿ ಬೇಕಿಲ್ಲ.

ಇನ್ನೊಬ್ಬರು ಸಹಪಾಠಿ ಚಾಟ್‌ನಲ್ಲಿ ಹಾಕಿದ್ದು: “ಗಿಟ್‌ನಲ್ಲಿ ಹಳೆಯ ಚರಿತ್ರೆಯನ್ನು ಹೊಲಿದು ಸೇರಿಸಿಬಿಟ್ಟರೆ ತಲೆಟಿಪ್ಪಣಿ ಬೇಡ ಅಲ್ವಾ?” ಸೇರಿಸಿಕೊಳ್ಳುವ ಉಪಾಯ ಇದೆ, ಆದರೆ ಒಬ್ಬೊಬ್ಬರೂ ತಮ್ಮ ತಮ್ಮ ಯಂತ್ರದಲ್ಲಿ ಮಾಡಿಕೊಳ್ಳಬೇಕು. ಮತ್ತೆ ಗಿಟ್‌ನ ದಾಖಲೆ ಕೋಡಿನ ಜೊತೆ ಎಲ್ಲ ಕಡೆ ಹೋಗಲ್ಲ. ಒಂದು ರೌಟರ್ ಕಂಪನಿ ತನ್ನ ಕರ್ನೆಲ್ ಕೋಡನ್ನು ಒಂದು ಗಂಟು ಕಟ್ಟಿ ಕೊಟ್ಟಾಗ ಅದರಲ್ಲಿ ಫೈಲುಗಳಷ್ಟೇ ಇರುತ್ತವೆ. ಫೈಲಿನ ಮೈಮೇಲೆ ಬರೆದದ್ದು ಫೈಲಿನ ಜೊತೆಗೇ ಹೋಗುತ್ತೆ. ಶಾಸನವನ್ನು ಕಡತದಲ್ಲಿ ಬರೆಯದೆ ಕಲ್ಲಿನ ಮೇಲೆ ಯಾಕೆ ಕಂಡರಿಸಿದರು ಅಂತ ಕೇಳಿದ ಹಾಗೆ ಇದು.

ಮೂರನೆಯ ಪ್ರಶ್ನೆ ಸರ್ ಅವರದು. ಜುಲೈ–ಆಗಸ್ಟ್ ಕ್ರಮದ ಬಗ್ಗೆ ನಾನು ಮಾಡಿದ ಊಹೆಗೆ ಆಧಾರ ಬೇಕು ಅಂದರು. ಬಿಟ್‌ಕೀಪರ್ ಕಾಲದ ಆ ಪ್ರತ್ಯೇಕ ಭಂಡಾರದಲ್ಲಿ ಕೆಪ್ರೋಬ್ಸ್ ಫೈಲಿನ ಒಂದೊಂದು ಬದಲಾವಣೆಯನ್ನೂ ತೆಗೆದು, ಯಾವ ಸಾಲು ಯಾವ ದಿನ ತಲೆಟಿಪ್ಪಣಿಗೆ ಸೇರಿತು ಅಂತ ಪಟ್ಟಿ ಮಾಡಿದರೆ ಇದು ಇತ್ಯರ್ಥವಾಗುತ್ತೆ. ಮುಂದಿನ ಸೆಮಿಸ್ಟರಿನ ಕಿರುಪ್ರಬಂಧಕ್ಕೆ ಅದನ್ನೇ ವಿಷಯವಾಗಿ ಕೊಟ್ಟಿದ್ದೇನೆ.